ಹಲ್ಲಪ್ಪನ ತಟ್ಟೆ ಖಾಲಿಯಾದದ್ದು

ಇಷ್ಟಕ್ಕೆಲ್ಲ ಕಾರಣ ಒಂದು ಕೆಂಪು ಬಕೆಟ್ಟು.

ಮೀನಿನ ಚಿತ್ರವಿದ್ದ ಪುಟಾಣಿ ಪ್ಲಾಸ್ಟಿಕ್ ಬಕೆಟ್ಟು. ಸಮುದ್ರಕ್ಕೆ ಹೋದಾಗ ಮರಳು ತುಂಬಲು ಬೇಕೆಂದು ಕೊಂಡದ್ದು. ಹಲ್ಲಪ್ಪನ ಆರು ವರ್ಷದ ಮಗಳು ಅದನ್ನು ತಬ್ಬಿಕೊಂಡು ಮಲಗಲು ಶುರುಮಾಡಿ ಅವತ್ತಿಗೆ ಹತ್ತು ದಿನವಾಗಿತ್ತು. ಅಜ್ಜಿ ಕಥೆಯ ರಾಜಕುಮಾರರು ಏಳು ಸಮುದ್ರ ದಾಟಿ ಹೋಗಿಬರುತ್ತಿದ್ದರು. ಹಲ್ಲಪ್ಪ ದಾಟಬೇಕಾಗಿರಲಿಲ್ಲ, ಒಂದೇ ಒಂದು ಸಮುದ್ರವನ್ನು ದಡದಲ್ಲಿ ನಿಂತು ಮಗಳಿಗೆ ತೋರಿಸಿದರೆ ಸಾಕಾಗಿತ್ತು. ಆದರೆ ಆ ರಾಜಕುಮಾರರು ಯಾರೂ ರಜೆ ಕೇಳಬೇಕಾಗಿರಲಿಲ್ಲ.

ಹಲ್ಲಪ್ಪ ಅನ್ನುವುದು ಅವನ ಹೆಸರೇನೂ ಅಲ್ಲ. ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತು ವರ್ಷದಿಂದ ಮುದುಕರಿಗೆ ಹಲ್ಲುಸೆಟ್ಟು ಮಾಡಿಕೊಡುವವನನ್ನು ಬೀದಿಯ ಜನ ಮತ್ತೇನೆಂದು ಕರೆದಾರು? ಕೆಲಸದಲ್ಲಿ ಅವನನ್ನು ಮೀರಿಸಿದವರಿಲ್ಲ, ಜಂಬದಲ್ಲೂ ಅಷ್ಟೇ. "ಪ್ರತಿ ಸೆಟ್ಟಿನ ಒಳಗಡೆ ಒಂದು ನಂಬರು ಕೊರೀರಪ್ಪಾ" ಎಂದು ಡಾಕ್ಟರಮ್ಮ ಹೇಳಿ ಹೇಳಿ ಸೋತಿದ್ದರು.

"ತಾಯಿಗೆ ಮಗೂನ ಗುರುತು ಹಿಡಿಯೋಕೆ ಕೊರಳಿಗೆ ಚೀಟಿ ಕಟ್ಟಬೇಕಾ ಮೇಡಂ?" ಎನ್ನುತ್ತಿದ್ದ ಹಲ್ಲಪ್ಪ. "ನಾನು ಮಾಡಿದ ಹಲ್ಲು ಯಾರದ್ದು ಅಂತ ಕಣ್ಣು ಮುಚ್ಕೊಂಡು ಹೇಳ್ತೀನಿ."

ವರ್ಷದ ಕೊನೆಯ ವಾರ ಆಸ್ಪತ್ರೆಗೆ ರಜೆ. ಆದರೂ ಹಿಂದಿನ ಕೋಣೆಯ ಇಬ್ಬರಲ್ಲಿ ಒಬ್ಬ ಉಳಿಯಲೇಬೇಕು, ಯಾರದ್ದಾದರೂ ಹಲ್ಲು ಮುರಿದರೆ ನೋಡಬೇಕಲ್ಲ. ಒಬ್ಬ ಹಲ್ಲಪ್ಪ, ಇನ್ನೊಬ್ಬ ಮಕ್ಕಳ ಸೊಟ್ಟ ಹಲ್ಲಿಗೆ ತಂತಿ ಬಿಗಿಯುವ ತಂತಿಯಣ್ಣ. ನಾಲ್ಕು ವರ್ಷ ಚೀಟಿ ಎತ್ತಿದರು, ನಾಲ್ಕು ವರ್ಷವೂ ಉಳಿದವನು ಹಲ್ಲಪ್ಪನೇ. ಈ ಸಲ ಅವನು ಮುಖ ಊದಿಸಿಕೊಂಡದ್ದು ನೋಡಿ ಡಾಕ್ಟರಮ್ಮ ಹೊಸ ನಿಯಮ ಮಾಡಿದರು. ರಜೆಯ ಹಿಂದಿನ ದಿನ ಹಲ್ಲು ಕಟ್ಟಿಸಿಕೊಂಡ ಹಿರಿಯರಿಗೆಲ್ಲ ಆಸ್ಪತ್ರೆಯಲ್ಲಿ ಒಂದು ಪಾರ್ಟಿ ಇರುತ್ತದೆ. ಇಬ್ಬರೂ ಸ್ವಂತ ಕೈಯಲ್ಲಿ ಒಂದೊಂದು ತಟ್ಟೆ ತಿಂಡಿ ಮಾಡಿ ತರಬೇಕು. ಯಾರ ತಟ್ಟೆ ಮೊದಲು ಖಾಲಿಯೋ ಅವರಿಗೆ ರಜೆ.

"ಹಾಗಾದ್ರೆ ಟಿಕೆಟ್ ಮಾಡಿಸ್ತೀನಿ" ಎಂದಳು ಹೆಂಡತಿ. ಮಾಡಿಸಿಯೂ ಬಿಟ್ಟಳು. ಪಾರ್ಟಿಯ ಮಾರನೆಯ ಬೆಳಿಗ್ಗೆ ಆರಕ್ಕೆ ರೈಲು.

ಏನು ಮಾಡುವುದೆಂದು ಆರಿಸಿದವಳು ಮಗಳು. ಅಮ್ಮನ ಫೋನಿನಲ್ಲಿ ಅವಳು ಪ್ರೆಟ್ಜೆಲ್ ನೋಡಿದ್ದಳು: ಮೇಷ್ಟ್ರ ಮುಂದೆ ಕೈಕಟ್ಟಿ ಕೂತ ಮಗುವಿನ ಹಾಗೆ ಗಂಟು ಹಾಕಿಕೊಂಡ, ಗರಿಗರಿ ಉಪ್ಪು ಬಿಸ್ಕತ್ತು. ಅಂಗಡಿಯಿಂದ ಅದನ್ನು ತಂದು, ಚಾಕೊಲೇಟಿನಲ್ಲಿ ಅದ್ದಿ, ಮೇಲೆ ಬಣ್ಣದ ಸಕ್ಕರೆಕಾಳು ಉದುರಿಸಿ, ಒಣಗಿಸಿದರೆ ಮುಗಿಯಿತು.

"ಇಪ್ಪತ್ತು ವರ್ಷ ಹಲ್ಲಿನ ಅಚ್ಚಿಗೆ ಮೇಣ ಕರಗಿಸಿದ ಕೈ ಇದು, ಚಾಕೊಲೇಟ್ ಯಾವ ಮಹಾ!" ಎಂದ ಹಲ್ಲಪ್ಪ.

ಪಾರ್ಟಿಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವನು ಒಲೆಯ ಮುಂದೆ ನಿಂತ. ಪಾತ್ರೆಯಲ್ಲಿ ನೀರು ಕುದಿಯಲಿಟ್ಟು, ಅದರ ಬಾಯಿಗೆ ಬಟ್ಟಲು ಕೂರಿಸಿ, ಚಾಕೊಲೇಟ್ ಮುರಿದು ಹಾಕಿದ. ಹೆಂಡತಿ ಬಾಗಿಲಿಗೆ ಒರಗಿ ಕೈಕಟ್ಟಿಕೊಂಡು ನಿಂತಳು, ಥೇಟ್ ಪ್ರೆಟ್ಜೆಲ್ಲಿನಂತೆ.

"ಸ್ವಲ್ಪ ಕೈಯಾಡ್ಸೇ."

"ಸ್ವಂತ ಕೈ ಅಂದಿದಾರೆ. ನಿಯಮ ಅಂದ್ರೆ ನಿಯಮ."

ಚಾಕೊಲೇಟ್ ಕರಗಿತು. ಕನ್ನಡಿಯ ಹಾಗೆ ಹೊಳೆಯಿತು. ಹಲ್ಲಪ್ಪನ ಮುಖವೇ ಅದರಲ್ಲಿ ಕಂಡಿತು, ಆಗಲೇ ಸಮುದ್ರ ನೋಡಿ ಬಂದವನ ಮುಖ. ಘಮ ಮೆಟ್ಟಿಲು ಹತ್ತಿ ಮಹಡಿ ಮನೆಗೆ ಹೋಯಿತು, ಮಹಡಿ ಮನೆಯವರನ್ನು ಕರೆದುಕೊಂಡು ಇಳಿಯಿತು. ಮುಂದೆ ಗಾರ್ಡ್ ಮಾಮ, ಹಿಂದೆ ಅವರ ಹೆಂಡತಿ ಅತ್ತೆ. ಮಾಮ ರೈಲಿನ ಗಾರ್ಡಾಗಿ ನಿವೃತ್ತರಾದವರು. ರೈಲು ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ, ಅದು ಇನ್ನೂ ಕೊರಳಲ್ಲೇ ಇತ್ತು.

"ತಳ ಹಿಡಿಯತ್ತೆ, ಮುಚ್ಚಿಡು" ಎಂದು ಅತ್ತೆ ಪಕ್ಕದಲ್ಲಿದ್ದ ಮುಚ್ಚಳವನ್ನು ಟಪ್ಪೆಂದು ಬಟ್ಟಲಿಗೆ ಮುಚ್ಚಿದರು. ಎರಡು ನಿಮಿಷಕ್ಕೆ ಮತ್ತೆ ಅವರೇ, "ಎಲ್ಲಿ, ಏನಾಯ್ತು ನೋಡೋಣ" ಎಂದು ತೆಗೆದರು. ಮುಚ್ಚಳದ ಒಳಗೆ ಕಟ್ಟಿದ್ದ ಆವಿಯ ನೀರು ನಾಲ್ಕು ಹನಿ ಬಟ್ಟಲಿಗೆ ಬಿತ್ತು.

ನಾಲ್ಕೇ ಹನಿ. ಆದರೆ ಚಾಕೊಲೇಟು ಹೊಸ ಸೊಸೆಗಿಂತ ಸೂಕ್ಷ್ಮ, ಅಷ್ಟಕ್ಕೇ ಮುನಿಸಿಕೊಂಡಿತು. ಕಣ್ಣೆದುರಿಗೇ ಹೊಳಪು ಹೋಯಿತು, ಗಂಟುಗಂಟಾಯಿತು, ಡಾಂಬರು ಹಾಕುವವರು ಬಿಟ್ಟುಹೋದ ಜಲ್ಲಿಯಂತೆ ಕೂತುಬಿಟ್ಟಿತು. ಹಲ್ಲಪ್ಪ ಸೌಟು ತಿರುಗಿಸಿದರೆ ಬಟ್ಟಲೇ ಜೊತೆಗೆ ತಿರುಗಿತು.

"ಅತ್ತೇ!"

"ನಾನೇನಪ್ಪಾ ಮಾಡ್ದೆ? ಮುಚ್ಚಿದ್ದು ತೆಗೆದೆ ಅಷ್ಟೇ" ಎಂದರು ಅತ್ತೆ.

"ಇವಳು ಮುಟ್ಟಿದ್ದೆಲ್ಲ ಹಳಿ ತಪ್ಪತ್ತೆ, ನಲವತ್ತು ವರ್ಷದಿಂದ ನೋಡ್ತಿದೀನಿ" ಎಂದರು ಮಾಮ. "ಬಿಸಿ ಹಾಲು ಹುಯ್ಯಿ, ಸರಿಹೋಗತ್ತೆ."

ಹಲ್ಲಪ್ಪ ಗಡಿಯಾರ ನೋಡಿದ. ಹನ್ನೊಂದೂಮುಕ್ಕಾಲು. ಮನೆಯಲ್ಲಿ ಬೇರೆ ಚಾಕೊಲೇಟಿಲ್ಲ, ಅಂಗಡಿ ಮೂರು ಬಸ್‌ಸ್ಟಾಪು ದೂರ, ಹೋಗುವಷ್ಟರಲ್ಲಿ ಮಧ್ಯಾಹ್ನಕ್ಕೆ ಬಾಗಿಲು ಹಾಕಿರುತ್ತದೆ. ಹಾಲು ಹುಯ್ದ. ಮಾಮನ ಮಾತು ಒಂದು ಲೆಕ್ಕದಲ್ಲಿ ನಿಜವಾಯಿತು: ಗಂಟು ಕರಗಿ ಚಾಕೊಲೇಟು ಮತ್ತೆ ನುಣ್ಣಗಾಯಿತು. ಹಲ್ಲಪ್ಪನಿಗೆ ಮಾಮನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಲ್ಯಾಬಿನ ಸಣ್ಣ ಚಿಮಟದಲ್ಲಿ ಒಂದೊಂದೇ ಪ್ರೆಟ್ಜೆಲ್ ಹಿಡಿದು, ಅದ್ದಿ, ಕೊಡವಿ, ಸಾಲಾಗಿ ಜೋಡಿಸಿದ. ಅರವತ್ತು. ಬಣ್ಣದ ಸಕ್ಕರೆಕಾಳು ಉದುರಿಸಿದ. ಮಗಳು ಬಕೆಟ್ಟು ತಲೆಗೆ ಹಾಕಿಕೊಂಡು ಕುಣಿದಳು.

ಒಣಗಲಿಲ್ಲ.

ಹನ್ನೆರಡೂವರೆಗೆ ಮುಟ್ಟಿ ನೋಡಿದ, ಬೆರಳಿಗೆ ಬಂತು. ಒಂದಕ್ಕೆ ಮುಟ್ಟಿದ, ಆಗಲೂ ಬಂತು. ಹಾಲು ಕುಡಿದ ಚಾಕೊಲೇಟು ಗಟ್ಟಿಯಾಗುವ ಮಾತೇ ಆಡಲಿಲ್ಲ. ಹಲ್ಲಪ್ಪ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಓಡಾಡಿದ. ಊಟಕ್ಕೆ ಕೂತವನು ಎರಡು ತುತ್ತಿಗೆ ಎದ್ದ.

"ಫ್ಯಾನ್ ಕೆಳಗಿಡು" ಎಂದು ಮಾಮ ಸೀಟಿ ಊದಿದರು, ಅತ್ತೆ ಸ್ವಿಚ್ಚು ಹಾಕಿದರು. ಅಂಟದೆ ಉಳಿದಿದ್ದ ಸಕ್ಕರೆಕಾಳೆಲ್ಲ ಒಂದೇ ಸಲಕ್ಕೆ ಮೇಲೆದ್ದವು. ಸೋಫಾದ ಮೇಲೆ, ಹಾಸಿಗೆಯ ಮೇಲೆ, ಮಾಮನ ಬೋಳುತಲೆಯ ಮೇಲೆ. ಬೆವರಿದ ತಲೆಯಾದ್ದರಿಂದ ಅಲ್ಲಿ ಮಾತ್ರ ಚೆನ್ನಾಗಿ ಅಂಟಿದವು.

"ಅಲ್ಲಿ ನೋಡಿ, ಒಣಗ್ತಾ ಇದೆ" ಎಂದಳು ಹೆಂಡತಿ, ಮಾಮನ ತಲೆ ತೋರಿಸಿ.

ಕೊನೆಗೆ ಫ್ರಿಜ್ಜಿನಲ್ಲಿಟ್ಟ. ಮೂರೂಕಾಲಕ್ಕೆ ತೆಗೆದು ಒಂದನ್ನು ಎತ್ತಿ ಹಿಡಿದ. ಗರಿಗರಿ ಬಿಸ್ಕತ್ತು ಹಾಲಿನ ಪಸೆಯನ್ನೆಲ್ಲ ಹೀರಿಕೊಂಡಿತ್ತು. ಕಟ್ಟಿದ ಕೈಗಳನ್ನು ಮೆಲ್ಲಗೆ ಬಿಚ್ಚಿ, ಮಳೆಯಲ್ಲಿ ನೆನೆದ ಕಾಲುಚೀಲದ ಹಾಗೆ ಜೋತುಬಿತ್ತು.

ಮಗಳು ಬಕೆಟ್ಟಿನ ಅಂಚಿನಡಿಯಿಂದ ಇಣುಕಿ, "ಅಪ್ಪಾ, ಇದಕ್ಕೆ ನಿದ್ದೆ ಬಂದಿದ್ಯಾ?" ಎಂದಳು.

"ನಿದ್ದೆ ಬಂತಾ ಮಗಾ, ಮಲಕ್ಕೋ ಬಾ" ಎಂದು ಹಲ್ಲಪ್ಪ ಅವಳ ತಲೆ ಸವರಿದ. ಏನೋ ಕೇಳಿದರೆ ಏನೋ ಹೇಳುವ ಸ್ಥಿತಿ ಅವನದು. ಬರಿಗೈಯಲ್ಲಿ ಹೋಗಿ ಸೋಲುವುದಕ್ಕಿಂತ ತಟ್ಟೆ ಹಿಡಿದು ಸೋಲುವುದು ವಾಸಿ ಎಂದುಕೊಂಡು ಡಬ್ಬಿ ಕಟ್ಟಿದ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ನಿಂತೇ ಹೋದ.

ಆಸ್ಪತ್ರೆಯ ಹಜಾರದಲ್ಲಿ ಬಣ್ಣದ ಕಾಗದ ತೂಗುತ್ತಿತ್ತು. ಇಪ್ಪತ್ತೆರಡು ಜನ ಹಿರಿಯರು ಹೊಸ ಬಟ್ಟೆ ಹಾಕಿಕೊಂಡು, ಹಲ್ಲಪ್ಪ ಮಾಡಿಕೊಟ್ಟ ಹಲ್ಲು ಹಾಕಿಕೊಂಡು ಸಾಲಾಗಿ ಕೂತಿದ್ದರು. ಮೇಜಿನ ಮೇಲೆ ತಂತಿಯಣ್ಣನ ಬಾದಾಮಿ ಬಿಸ್ಕತ್ತು ಆಗಲೇ ಬಂದು ಕೂತಿತ್ತು. ಅಳತೆಪಟ್ಟಿ ಇಟ್ಟು ಕತ್ತರಿಸಿದ ಚೌಕಗಳು, ಹೊಸದಾಗಿ ಹಾಕಿದ ನೆಲದಂತೆ ಫಳಫಳ. ಪಕ್ಕದಲ್ಲಿ ಹಲ್ಲಪ್ಪ ತನ್ನ ತಟ್ಟೆ ಇಟ್ಟ.

"ಏನಣ್ಣಾ, ದಾರೀಲಿ ಇದರ ಮೇಲೆ ಬಸ್ಸು ಹತ್ತಿಸ್ಕೊಂಡು ಬಂದ್ರಾ?" ಎಂದ ತಂತಿಯಣ್ಣ.

ಹಿರಿಯರೆಲ್ಲ ಬಾದಾಮಿ ಬಿಸ್ಕತ್ತಿಗೇ ಕೈಹಾಕಿದರು. ಹಲ್ಲಪ್ಪ ಗೋಡೆಯ ಕಡೆ ತಿರುಗಿಕೊಂಡು ಕೆಂಪು ಬಕೆಟ್ಟಿಗೆ ಏನು ಹೇಳುವುದೆಂದು ಯೋಚಿಸತೊಡಗಿದ. ಆಗ ಬೆನ್ನ ಹಿಂದೆ ಕಟಕ್ ಎಂದಿತು. ಮತ್ತೊಂದು ಕಡೆ ಕಟಕ್. ಆಮೇಲೆ ಹಜಾರದ ತುಂಬ ಕಟಕಟ.

"ಅಯ್ಯೋ, ಇದನ್ನ ಒಡೆಯೋಕೆ ನಮ್ಮೆಜಮಾನ್ರ ಸುತ್ತಿಗೆ ಬೇಕು" ಎಂದರು ಊರುಗೋಲಿನ ಅಜ್ಜಿ, ಕೆನ್ನೆ ಹಿಡಿದುಕೊಂಡು. "ಹಲ್ಲೂ ಇದೆ, ಕಡ್ಲೇನೂ ಇದೆ, ಆದ್ರೂ ತಿನ್ನೋ ಹಾಗಿಲ್ಲ, ನನ್ನ ಹಣೆಬರಾನೇ ಇಷ್ಟು. ಆ ಜೋತುಬಿದ್ದಿರೋದು ಏನದು, ಕೊಡಿ ಇಲ್ಲಿ."

ಒಂದನ್ನು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಎಷ್ಟು ಹೊತ್ತಾದರೂ ತೆರೆಯಲಿಲ್ಲ, ಹಲ್ಲಪ್ಪ ನೀರಿನ ಲೋಟ ಎತ್ತಿಕೊಂಡ.

"ಕರಗಿಹೋಯ್ತಲ್ರೋ!" ಎಂದರು ಅಜ್ಜಿ. "ಆದ್ರೆ ಹಲ್ಲಿಗೆಲ್ಲ ಮೆತ್ಕೊಳ್ಳತ್ತೆ." ಹಾಗೆಂದವರೇ ಬಾಯಿಗೆ ಕೈಹಾಕಿ, ಹಲ್ಲುಸೆಟ್ಟು ತೆಗೆದು, ಕಾಗದದ ಕರವಸ್ತ್ರದಲ್ಲಿ ಸುತ್ತಿ ಮೇಜಿನ ಮೇಲಿಟ್ಟು ಮತ್ತೆರಡು ಎತ್ತಿಕೊಂಡರು. "ಹೀಗೆ ತಿನ್ರೋ! ಇದಕ್ಕೆ ಬರಿಬಾಯೇ ಸರಿ."

ನಿವೃತ್ತ ಹೆಡ್‌ಮಾಸ್ಟರು ಅತ್ತಿತ್ತ ನೋಡಿ, ಶಿಸ್ತಾಗಿ ಬೆನ್ನು ತಿರುಗಿಸಿ ತೆಗೆದಿಟ್ಟರು. ಆಮೇಲೆ ಯಾರಿಗೂ ನಾಚಿಕೆ ಉಳಿಯಲಿಲ್ಲ. ಇಪ್ಪತ್ತೆರಡು ಸೆಟ್ಟು ಮೇಜಿಗೆ ಬಂದವು, ಇಪ್ಪತ್ತೆರಡು ಬರಿಬಾಯಿ ತಟ್ಟೆಗೆ ಮುಗಿಬಿದ್ದವು. ಹಲ್ಲಿಲ್ಲದ ನಗು ಒಂದರ ಮೇಲೊಂದು ಅರಳಿತು. ತಾನು ತಿಂಗಳುಗಟ್ಟಲೆ ಅರೆದು ಮಾಡಿದ ಹಲ್ಲಿಗಿಂತ ಅದಿಲ್ಲದ ಬಾಯಿಗೇ ಇಷ್ಟು ಸುಖವೇ ಎಂದು ಹಲ್ಲಪ್ಪನಿಗೆ ಒಂದು ಗಳಿಗೆ ಚುರುಕ್ಕೆಂದಿತು. ಮರುಗಳಿಗೆಯೇ ಸಮುದ್ರ ನೆನಪಾಯಿತು.

ಹನ್ನೆರಡು ನಿಮಿಷ. ತಟ್ಟೆ ಖಾಲಿ. ಅಂಚಿನ ಚಾಕೊಲೇಟನ್ನು ಹೆಡ್‌ಮಾಸ್ಟರು ಬೆರಳಲ್ಲಿ ಬಳಿದು ಮುಗಿಸಿದರು.

"ರಜೆ ನಿಮ್ದೇ!" ಎಂದರು ಡಾಕ್ಟರಮ್ಮ, ಚಪ್ಪಾಳೆ ತಟ್ಟಿ.

ಹಲ್ಲಪ್ಪ ಹೊರಗೆ ಓಡಿ ಮನೆಗೆ ಫೋನು ಮಾಡಿದ. ಅತ್ತ ಕಡೆ ಮಗಳು ಕಿರುಚಿದಳು, ಬಕೆಟ್ಟು ಬಿದ್ದ ಸದ್ದಾಯಿತು, ಮಾಮ ಸೀಟಿ ಊದಿದ್ದೂ ಕೇಳಿಸಿತು. "ಬಟ್ಟೆ ತುಂಬಿಡ್ತೀನಿ, ಬೇಗ ಬನ್ನಿ" ಎಂದಳು ಹೆಂಡತಿ. ಮದುವೆಯಾದಾಗಿನಿಂದ ಅಷ್ಟು ಮೆತ್ತಗಿನ ದನಿ ಅವನು ಕೇಳಿರಲಿಲ್ಲ. ಆ ದನಿ ಇನ್ನಷ್ಟು ಕೇಳೋಣವೆಂದು ಹತ್ತು ನಿಮಿಷ ಮಾತಾಡಿದ.

ಹಾಡು ಗುನುಗುತ್ತ ಒಳಗೆ ಬಂದ. ಮೇಜು ಚೊಕ್ಕಟವಾಗಿತ್ತು. ಒಂದು ಕರವಸ್ತ್ರವೂ ಇರಲಿಲ್ಲ.

"ಅಣ್ಣಾ," ಎಂದು ಆಸ್ಪತ್ರೆ ಗುಡಿಸುವ ಆಯಮ್ಮ ಒಂದು ಸ್ಟೀಲ್ ಬೇಸಿನ್ನು ಹಿಡಿದು ನಗುತ್ತ ಬಂದಳು. "ಎಲ್ಲಾದಕ್ಕೂ ಚಾಕ್ಲೇಟು ಮೆತ್ಕೊಂಡಿತ್ತು. ವಯಸ್ಸಾದೋರು, ಪಾಪ, ಎಲ್ಲಿ ತೊಳ್ಕೊಂತಾರೆ ಅಂತ ನಾನೇ ಎಲ್ಲಾನೂ ಒಟ್ಟಿಗೆ ಹಾಕಿ ತಿಕ್ಕಿಬಿಟ್ಟೆ. ನೋಡಿ ಹೆಂಗ್ ಹೊಳೀತವೆ!"

ಹೊಳೆಯುತ್ತಿದ್ದವು. ಒಂದೇ ಗುಲಾಬಿ, ಒಂದೇ ಬಿಳುಪು, ಒಂದೇ ಕೈಯ ಕೆಲಸ. ಬೇಸಿನ್ನಿನ ತುಂಬ ಹಲ್ಲುಗಳು ಹಲ್ಲಪ್ಪನನ್ನು ನೋಡಿ ನಗುತ್ತಿದ್ದವು.

"ಆರು ಕಮ್ಮಿ ಇವೆಯಲ್ಲ?" ಎಂದ, ಬೆರಳು ಮಾಡಿ ಎಣಿಸಿ.

"ಆಸ್ಪತ್ರೆ ವ್ಯಾನು ಹೊರಡ್ತು ಅಂತ ಆರು ಜನ ಅವಸರ ಮಾಡಿದ್ರು. ಯಾವ್ದು ಕೂತ್ಕೊಳ್ತೋ ಅದನ್ನ ಹಾಕ್ಕೊಂಡು ಹೋದ್ರು."

ಅಷ್ಟರಲ್ಲಿ ಹೆಡ್‌ಮಾಸ್ಟರು ಬೇಸಿನ್ನಿನಿಂದ ಒಂದನ್ನು ಎತ್ತಿ ಹಾಕಿಕೊಂಡರು. ಅವರ ಗಂಭೀರ ಮುಖದಲ್ಲಿ ಊರುಗೋಲಿನ ಅಜ್ಜಿಯ ನಗು ಮೂಡಿತು. ಅಜ್ಜಿ ಅದನ್ನು ನೋಡಿ ಊರುಗೋಲು ಎತ್ತಿದರು.

ಡಾಕ್ಟರಮ್ಮ ಹಲ್ಲಪ್ಪನ ಭುಜದ ಮೇಲೆ ಕೈಯಿಟ್ಟರು. "ಕಣ್ಣು ಮುಚ್ಕೊಂಡು ಹೇಳ್ತೀನಿ ಅಂತಿದ್ರಲ್ಲ. ತೆರ್ಕೊಂಡೇ ಹೇಳಿ, ಪರವಾಗಿಲ್ಲ."

ಹಲ್ಲಪ್ಪ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ತಿರುಗಿಸಿದ. ಇನ್ನೊಂದನ್ನು ಎತ್ತಿದ. ಇಪ್ಪತ್ತು ವರ್ಷದ ತಾಯ್ತನ ಅಲ್ಲೇ ಕೈಕೊಟ್ಟಿತು.

"ಅಟ್ಟದ ಮೇಲಿರೋ ಅವರವರ ಬಾಯಿನ ಹಳೇ ಅಚ್ಚು ತೆಗೆದು, ಒಬ್ಬೊಬ್ಬರನ್ನೇ ಕರೆಸಿ, ಕೂರಿಸಿ ನೋಡ್ಬೇಕು ಮೇಡಂ" ಎಂದ ಕೊನೆಗೆ. "ಒಂದು ವಾರ ಆಗತ್ತೆ."

"ತಂತಿಯವರಿಗೆ ಸೆಟ್ಟಿನ ಕೆಲಸ ಬರಲ್ಲ. ರಜೆ ವಾರ ಪೂರ್ತಿ ಇವರೆಲ್ಲ ಬರಿಬಾಯಲ್ಲಿ ಊಟ ಮಾಡೋದು ಹೇಗೆ, ಹೇಳಿ?" ಎಂದರು ಡಾಕ್ಟರಮ್ಮ. ಪಾಪ, ಅವರ ದನಿಯಲ್ಲಿ ನಿಜವಾಗಿಯೂ ಮರುಕವಿತ್ತು. ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ.

ತಂತಿಯಣ್ಣ ತನ್ನ ತಟ್ಟೆಯಲ್ಲಿ ಉಳಿದ ಬಿಸ್ಕತ್ತನ್ನೆಲ್ಲ ಜೋಪಾನವಾಗಿ ಡಬ್ಬಿಗೆ ಹಾಕಿಕೊಂಡ. "ದಾರಿಗೆ ಆಯ್ತು" ಎಂದು ನಕ್ಕು, ರಜೆಗೆ ಹೊರಟ.

ಮಾರನೆಯ ಬೆಳಿಗ್ಗೆ ಆರರ ರೈಲು ಸರಿಯಾದ ಹೊತ್ತಿಗೇ ಬಿಟ್ಟಿತು. ಹೆಂಡತಿ ಹೋದಳು, ಮಗಳು ಹೋದಳು, ಬಕೆಟ್ಟು ಹೋಯಿತು. ಹಲ್ಲಪ್ಪನ ಸೀಟಿನಲ್ಲಿ ಗಾರ್ಡ್ ಮಾಮ ಹೋದರು. ರೈಲಿನಲ್ಲಿ ಒಂದು ಸೀಟು ಖಾಲಿ ಹೋಗುವುದನ್ನು ಸಹಿಸುವ ಜಾತಿಯಲ್ಲ ಅವರದು. "ಹೋಗ್ಲಿ ಬಿಡಪ್ಪ, ನನಗೂ ಒಂದು ವಾರ ರಜೆ ಸಿಕ್ತು" ಎಂದು ಅತ್ತೆ ಮಹಡಿಯಿಂದ ಕೈಬೀಸಿದರು.

ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಹಲ್ಲಪ್ಪ ಒಬ್ಬನೇ ಕೂತಿದ್ದ. ಮುಂದೆ ಬೇಸಿನ್ನು, ಕೈಯಲ್ಲಿ ನಂಬರು ಕೊರೆಯುವ ಸೂಜಿ. ಫೋನು ರಿಂಗಾಯಿತು. ಅದರೊಳಗಿಂದ ಮೊದಲು ಭೋರೆಂಬ ಸದ್ದು, ಆಮೇಲೆ ಮಗಳು.

"ಅಪ್ಪಾ! ಸಮುದ್ರ ಬಂತು! ಎಷ್ಟು ದೊಡ್ಡದು ಗೊತ್ತಾ! ಅಲೆ ಬಂದಾಗೆಲ್ಲ ಬಿಳೀ ಹಲ್ಲು ತೋರಿಸಿ ನಗ್ತಾ ಇದೆ!"

ಹಲ್ಲಪ್ಪ ಬೇಸಿನ್ನಿನೊಳಗೆ ನೋಡಿದ.

"ಇಲ್ಲೂ ಅದೇ ಮಗಾ" ಎಂದ.