ಸಮುದ್ರದ ತೂಬು ಎತ್ತಿದವರು ಯಾರು?

ನೀರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾನು ಹರವೆ ಹೋಬಳಿಯ ನಮ್ಮೂರಿನ ಕೆರೆ ಸಂಘದ ಅಧ್ಯಕ್ಷ. ಕೆರೆಯ ನೀರನ್ನು ಗದ್ದೆಗೆ ಬಿಡುವ ತೂಬು ಇದೆಯಲ್ಲ, ಅದನ್ನು ಎತ್ತುವ ಕಬ್ಬಿಣದ ಹಿಡಿ ನಮ್ಮ ಮನೆಯ ಅಟ್ಟದ ಮೇಲೇ ಇರುತ್ತದೆ. ನಾನು ಎತ್ತಿಸಿದರೆ ನೀರು ಇಳಿಯಬೇಕು, ಮುಚ್ಚಿಸಿದರೆ ನಿಲ್ಲಬೇಕು. ಕೆರೆ ತುಂಬದ ವರ್ಷ ಮಾತ್ರ ನನ್ನ ಅಧಿಕಾರ ಆ ಹಿಡಿಯ ಮೇಲಷ್ಟೇ ನಡೆಯುತ್ತದೆ!

ನನ್ನ ಹೆಂಡತಿ ರಾಜಮ್ಮಣ್ಣಿಗೆ ಬಹಳ ಕಾಲದ ಆಸೆಯೊಂದಿತ್ತು. "ನಮ್ಮಲ್ಲಿ ಸೂರ್ಯ ದಿನಾ ಗೋಪಾಲಸ್ವಾಮಿ ಬೆಟ್ಟದ ಇಂದೆ ಓಗಿ ಅವಿತ್ಕತಾನೆ. ಒಂದ್ಸಲನಾದ್ರೂ ಅವ್ನು ನೀರೊಳಕ್ಕೆ ಮುಳುಗೋದ ಕಣ್ತುಂಬ ನೋಡ್ಬೇಕು ಕಣ್ರೀ" ಎನ್ನುತ್ತಿದ್ದಳು. ಆ ಸಲ ಓಣಂ ಹಬ್ಬಕ್ಕೆ ಕೇರಳದವರು ನಮ್ಮ ಚೆಂಡುಹೂವಿಗೆ ಮುಗಿಬಿದ್ದರು. ಹೂವು ಗುಂಡ್ಲುಪೇಟೆ ದಾಟಿ ಕೇರಳಕ್ಕೆ ಹೋಯಿತು, ನಾವು ಅಂಡಮಾನಿಗೆ ಹೊರಟೆವು. ಅಲ್ಲಿ ದ್ವೀಪದಿಂದ ದ್ವೀಪಕ್ಕೆ ಹಾಯಿದೋಣಿಯಲ್ಲಿ ನಿಧಾನವಾಗಿ ತಿರುಗಿಸುತ್ತಾರಂತೆ. ಕೇಳಿಯೇ ನನಗೆ ನಿದ್ದೆ ಹಾರಿಹೋಯಿತು!

ಹೊರಡುವ ಮೊದಲು ರಾಜಮ್ಮಣ್ಣಿ ಒಂದು ಷರತ್ತು ಹಾಕಿದಳು. ಊಟಿಯಲ್ಲಿ ಹೋಟೆಲಿನ ಗೀಸರ್ ರಿಪೇರಿ ಮಾಡಲು ಹೋಗಿ ನಾನು ಇಡೀ ಮಹಡಿಯ ಕರೆಂಟು ತೆಗೆದಿದ್ದೆ. ವಯನಾಡಿನಲ್ಲಿ ಒಳದಾರಿ ತೋರಿಸುತ್ತೇನೆಂದು ಕಾರನ್ನು ಯಾರದೋ ಮದುವೆಮನೆಯ ಚಪ್ಪರದೊಳಗೆ ನಿಲ್ಲಿಸಿದ್ದೆ. ಊಟ ಚೆನ್ನಾಗಿತ್ತು, ಅದು ಬೇರೆ ಮಾತು.

"ಅಲ್ಲಿ ನೀವು ಯಾವುದ್ಕೂ ಕೈ ಹಾಕ್ಕೂಡ್ದು. ಸುಮ್ಕೆ ಕೂತ್ಕಬೇಕು. ಈ ಸಲನೂ ಕೆಡಿಸ್ಬುಟ್ರೆ, ಇನ್ನು ಮ್ಯಾಲೆ ನಾನು ನಮ್ಮಕ್ಕನ್ ಜೊತೇಲೇ ಓಯ್ತೀನಿ."

"ಮಾದಪ್ಪನಾಣೆಗೂ ಮುಟ್ಟಕಿಲ್ಲ ಬುಡು!" ಎಂದೆ.

ದೋಣಿ ನಡೆಸುವವನು ಸೆಲ್ವರಾಜು. ತಮಿಳಿನವನು. ಸತ್ಯಮಂಗಲದ ಹೂವಿನ ಮಾರ್ಕೆಟ್ಟಿಗೆ ಓಡಾಡಿ ನನಗೂ ತಮಿಳು ಬರುತ್ತಿದ್ದುದರಿಂದ ಮಾತಿಗೆ ತೊಂದರೆಯಾಗಲಿಲ್ಲ. ಅವನು ಬಿಳಿ ಹಾಯಿಯನ್ನು ಮೇಲೆಳೆದ. ಗಾಳಿ ತುಂಬಿತು. ದೋಣಿ ಸುಯ್ಯನೆ ಹೊರಟೇಬಿಟ್ಟಿತು! ಎಂಜಿನ್ನಿಲ್ಲ, ಸದ್ದಿಲ್ಲ, ಹೊಗೆಯಿಲ್ಲ. ಟ್ರ್ಯಾಕ್ಟರ್ ಸದ್ದಿನಲ್ಲಿ ಅರ್ಧ ಕಿವಿ ಕಳೆದುಕೊಂಡ ನನಗೆ ಇದಕ್ಕಿಂತ ಸ್ವರ್ಗ ಬೇಕೆ?

"ಡೀಸೆಲ್ಲೇ ಇಲ್ದೆ ಓಡ್ತದಲ್ಲಾ ಕಣೆ!" ಎಂದು ಕೂಗಿದೆ.

"ಅಗಳ್ರೀ, ಮೀನು ಆರ್ತಾವೆ! ಅಕ್ಕಿ ಅಂಗೆ ಆರ್ತಾವೆ!" ಎಂದು ಅವಳು ನೀರಿನಿಂದ ಚಿಮ್ಮಿ ಹಾರುವ ಮೀನುಗಳನ್ನು ತೋರಿಸಿ ಅದಕ್ಕಿಂತ ಜೋರಾಗಿ ಕೂಗಿದಳು. ನೀರು ಒಂದು ಕಡೆ ಹಸಿರು, ಒಂದು ಕಡೆ ನೀಲಿ. ಮದುವೆಯಾದಾಗಿನಿಂದ ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನಾನು ಕೈ ಕಟ್ಟಿ ಕುಳಿತೇ ಇದ್ದೆ. ಹಾಯಿ ಮುಟ್ಟಲಿಲ್ಲ, ಚುಕ್ಕಾಣಿ ಮುಟ್ಟಲಿಲ್ಲ. ನನ್ನ ಬಗ್ಗೆ ನನಗೇ ಗೌರವ ಬಂತು.

ಕಡೆಯ ದಿನ ಮಧ್ಯಾಹ್ನ ಒಂದು ಪುಟ್ಟ ದ್ವೀಪದ ಪೂರ್ವದ ದಡಕ್ಕೆ ಬಂದೆವು. ಸಂಜೆ ಅಲ್ಲಿಂದ ಹೊರಟು, ದ್ವೀಪವನ್ನು ಸುತ್ತಿಕೊಂಡು ಪಶ್ಚಿಮದ ಕಡೆಗೆ ಹೋದರೆ ನಡುನೀರಿನಲ್ಲಿ ಸೂರ್ಯ ಮುಳುಗುವುದನ್ನು ನೋಡಬಹುದಿತ್ತು. ಸೆಲ್ವರಾಜು ದಡದ ಮರಕ್ಕೆ ಉದ್ದನೆಯ ಹಗ್ಗ ಕಟ್ಟಿ, ದೋಣಿಯನ್ನು ದೂರದ ನೀರಿನಲ್ಲಿ ತೇಲಲು ಬಿಟ್ಟ. ನಾವು ಸೊಂಟದವರೆಗೆ ನೆನೆದುಕೊಂಡು ದಡ ಸೇರಿದೆವು. ಅವನು ಎಳನೀರು ತರಲು ದ್ವೀಪದ ಆಚೆ ತುದಿಗೆ ಹೊರಟ. "ಹಗ್ಗ ಮುಟ್ಟಬೇಡಿ ಸಾರ್" ಎಂದು ಹೇಳಿಯೇ ಹೋದ.

ರಾಜಮ್ಮಣ್ಣಿ ಸೀರೆ ಹಿಂಡುತ್ತಾ, "ವಾಪಸ್ ಓಗುವಾಗ್ಲೂ ಇಂಗೇ ನೆನೀಬೇಕಾ?" ಎಂದಳು.

ಅಷ್ಟು ಸಾಕಾಯಿತು ನೋಡಿ! ನಾನು ಹಗ್ಗದ ಕಡೆ ನೋಡಿದೆ. ಇಷ್ಟುದ್ದ ಹಗ್ಗದಲ್ಲಿ ಎತ್ತು ಕಟ್ಟಿದರೆ ಅದು ಪಕ್ಕದವರ ಜೋಳದ ಹೊಲದಲ್ಲೇ ಸಂಸಾರ ಹೂಡುತ್ತದೆ. ಕಟ್ಟುವುದೆಂದರೆ ಗಿಡ್ಡಕ್ಕೆ, ಬಿಗಿಯಾಗಿ ಕಟ್ಟಬೇಕು. ಇದು ನಮ್ಮಪ್ಪ ಕಲಿಸಿದ ವಿದ್ಯೆ. ಐಸಾ ಎಂದು ಎಳೆದೆ. ದೋಣಿ ಸಾಧು ಎತ್ತಿನ ಹಾಗೆ ದಡಕ್ಕೇ ಬಂದು ನಿಂತಿತು. ಗಿಡ್ಡಕ್ಕೆ ಕಟ್ಟಿದೆ.

"ಕಾಲೂ ನೆನೀದಂಗೆ ಅತ್ತಬೌದು ಈಗ! ಎಂಗೆ?"

"ಮುಟ್ಟಕಿಲ್ಲ ಅಂತ ಆಣೆ ಮಾಡಿದ್ರಿ."

"ಇದು ಬರೀ ಅಗ್ಗ ಕಣೆ!"

ಬುತ್ತಿಯ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ತಿಂದು ತೆಂಗಿನ ನೆರಳಿನಲ್ಲಿ ಮಲಗಿದೆವು. ಎಚ್ಚರವಾಗಿ ನೋಡುತ್ತೇನೆ, ಸಮುದ್ರ ಇಲ್ಲ! ಅಂದರೆ ಇತ್ತು, ಬಹಳ ದೂರದಲ್ಲಿತ್ತು. ನಮ್ಮ ದೋಣಿ ಮರಳಿನ ಮೇಲೆ ಹೊಟ್ಟೆಯೂರಿ ಒಂದು ಪಕ್ಕಕ್ಕೆ ವಾಲಿಕೊಂಡಿತ್ತು.

"ಏನ್ರೀ ಮಾಡುದ್ರಿ?" ಎಂದು ರಾಜಮ್ಮಣ್ಣಿ ಚೀರಿದಳು.

"ನಾನಲ್ಲ! ಯಾರೋ ತೂಬು ಎತ್ತವ್ರೆ!"

ನಗಬೇಡಿ. ನನ್ನ ಇಡೀ ಅನುಭವದಲ್ಲಿ ನೀರು ಹೀಗೆ ಒಂದು ಮಧ್ಯಾಹ್ನದಲ್ಲಿ ಇಳಿಯುವುದಕ್ಕೆ ಇದ್ದದ್ದು ಒಂದೇ ಕಾರಣ. ಅಧ್ಯಕ್ಷನಾಗಿ ನನ್ನ ರಕ್ತ ಕುದಿಯಿತು. ಪಂಚೆ ಎತ್ತಿಕಟ್ಟಿ, ತೂಬು ಹುಡುಕುತ್ತಾ ದಡದುದ್ದಕ್ಕೂ ಓಡಿದೆ. ಎಳನೀರಿನ ಗೊನೆ ಹೊತ್ತು ಬರುತ್ತಿದ್ದ ಸೆಲ್ವರಾಜು ಎದುರಾದ.

"ಇಲ್ಲಿಯ ತೂಬು ಯಾವ ಕಡೆ ಇದೆಯಪ್ಪಾ? ಅದನ್ನು ನೋಡಿಕೊಳ್ಳುವವರು ಯಾರು? ಹೇಳದೆ ಕೇಳದೆ ನೀರು ಬಿಡುವುದೇ?"

ಅವನು ಗೊನೆ ಕೆಳಗಿಟ್ಟ. ನನ್ನನ್ನು ನೋಡಿದ. ಮರವನ್ನು ನೋಡಿದ. ಗಿಡ್ಡಕ್ಕೆ ಕಟ್ಟಿದ ಹಗ್ಗವನ್ನು ನೋಡಿದ. ಆಮೇಲೆ ಆಕಾಶಕ್ಕೆ ಕೈಯೆತ್ತಿ, "ಆ ಚಂದ್ರನನ್ನು ಕೇಳಿ ಸಾರ್" ಎಂದ. ಸಮುದ್ರ ದಿನವೂ ಏರಿ ಇಳಿಯುತ್ತದಂತೆ. ಅದಕ್ಕೇ ಅವನು ಉದ್ದ ಹಗ್ಗ ಬಿಟ್ಟು ದೋಣಿಯನ್ನು ಆಳದಲ್ಲಿ ನಿಲ್ಲಿಸಿದ್ದ. ಈಗ ನೀರು ಮರಳಿ ಬಂದು ದೋಣಿ ತೇಲುವ ಹೊತ್ತಿಗೆ ಕತ್ತಲಾಗುತ್ತದೆ.

ರಾಜಮ್ಮಣ್ಣಿ ಮರಳಿನ ಮೇಲೆ ಕೂತು ಪಶ್ಚಿಮದ ಕಡೆಗೆ ನೋಡಿದಳು. ಅಲ್ಲಿ ದ್ವೀಪದ ಗುಡ್ಡ ಅಡ್ಡ ನಿಂತಿತ್ತು. "ಇಲ್ಲೂ ಬೆಟ್ಟವೇ ಬಂತಲ್ಲಾ" ಎಂದಳು, ಮೆಲ್ಲಗೆ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ.

"ಗುಡ್ಡದ ಮೇಲೆ ಕಾಲುದಾರಿ ಇದೆ" ಎಂದ ಸೆಲ್ವರಾಜು. "ಈಗಲೇ ಹೊರಟರೆ ಸೂರ್ಯ ಸಿಗುತ್ತಾನೆ. ಆದರೆ ದೋಣಿ ಇನ್ನೂ ವಾಲದ ಹಾಗೆ ಒಬ್ಬರು ಇಲ್ಲೇ ನಿಂತು ಅದರ ಪಕ್ಕಕ್ಕೆ ಊರುಗೋಲು ಕೊಟ್ಟು ಹಿಡಿದಿರಬೇಕು."

ಇಬ್ಬರೂ ನನ್ನ ಕಡೆಗೇ ನೋಡಿದರು. ಮಾಡಿದ್ದುಣ್ಣೋ ಮಹಾರಾಯ!

"ಓಗ್ ನೋಡ್ಕಂಡ್ ಬಾ, ಬೇಗ ಓಗು!" ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು, ದಾರಿ ತೋರಿಸಲು ಹೊರಟ ಸೆಲ್ವರಾಜುವಿನ ಹಿಂದೆ ಹುಡುಗಿಯ ಹಾಗೆ ಗುಡ್ಡ ಹತ್ತಿ ಓಡಿದಳು. ನಾನು ಊರುಗೋಲಿಗೆ ಭುಜ ಕೊಟ್ಟು ನಿಂತೆ. ಅಂಡಮಾನಿನ ಜಗತ್ಪ್ರಸಿದ್ಧ ಸೂರ್ಯಾಸ್ತದ ಹೊತ್ತಿನಲ್ಲಿ ನಾನು ದರ್ಶನ ಮಾಡಿದ್ದು ದೋಣಿಯ ತಳಕ್ಕೆ ಅಂಟಿದ್ದ ಚಿಪ್ಪುಗಳನ್ನು. ಏಡಿಯೊಂದು ಬಂದು ನನ್ನ ಕಾಲ್ಬೆರಳನ್ನು ವಿಚಾರಿಸಿಕೊಂಡು ಹೋಯಿತು.

ಗುಡ್ಡದ ತುದಿಯಿಂದ ಒಂದು ಕೂಗು ಕೇಳಿತು. "ಮುಳುಗ್ದಾ ಕಣ್ರೀ! ನೀರೊಳಕ್ಕೇ ಮುಳುಗ್ದಾ!" ಆ ಸಂಭ್ರಮ ಕೇಳಿ ನನಗೂ ಕುಣಿಯುವಷ್ಟು ಖುಷಿಯಾಯಿತು. ಕುಣಿಯಲಿಲ್ಲ. ಕುಣಿದರೆ ದೋಣಿ ಮಲಗುತ್ತಿತ್ತು.

ಆದರೆ ಷರತ್ತು ಷರತ್ತೇ. ಮುಂದಿನ ಓಣಂ ಮುಗಿಯುತ್ತಲೇ ರಾಜಮ್ಮಣ್ಣಿ ತನ್ನ ಅಕ್ಕನ ಜೊತೆ ಅಂಡಮಾನಿಗೆ ಹೋದಳು. ಮೊನ್ನೆ ಸಂಜೆ ಅಲ್ಲಿಂದಲೇ ಫೋನ್ ಮಾಡಿದಳು.

"ನಾವು ದೋಣೀಲಿ ನಡುನೀರಲ್ಲೇ ಕೂತ್ಕಂಡು ನೋಡ್ತಾ ಇದ್ದೀವಿ. ಎತ್ತುನ್ನ ಕಟ್ಟುದ್ರಾ?"

"ಕಟ್ಟಿವ್ನಿ, ಕಟ್ಟಿವ್ನಿ!" ಎಂದೆ.

ನಿಜವಾಗಿಯೂ ಕಟ್ಟಿದ್ದೆ. ಅಂಡಮಾನಿನಲ್ಲಿ ಕಲಿತ ಪಾಠವನ್ನು ಮರೆಯದೆ ಉದ್ದನೆಯ ಹಗ್ಗದಲ್ಲೇ ಕಟ್ಟಿದ್ದೆ. ಫೋನಿಟ್ಟು ತಿರುಗಿ ನೋಡಿದರೆ, ಎತ್ತು ಪಕ್ಕದವರ ಜೋಳದ ಹೊಲದ ನಡುವೆ ನಿಂತು, ನೆಮ್ಮದಿಯಾಗಿ ಮೇಯುತ್ತಿತ್ತು.