ಕಣಜಗಳಿಗೆ ಅನುಮತಿ ಸಿಕ್ಕಿದ್ದು

ಹೊರಗಿನಿಂದ ಬರುವ ಯಾವ ಜೀವಿಯೂ ಅರ್ಜಿ ಸಲ್ಲಿಸದೆ ಹೊಲಕ್ಕಿಳಿಯತಕ್ಕದ್ದಲ್ಲ ಎಂಬುದು ಬೆಳೆ ಸಂರಕ್ಷಣಾ ಕಚೇರಿಯ ನಿಯಮ. ಕಂದು ಜಿಗಿಹುಳು ಅರ್ಜಿ ಸಲ್ಲಿಸಿರಲಿಲ್ಲ. ಆದ್ದರಿಂದ ದಾಖಲೆಗಳ ಪ್ರಕಾರ ಅದು ಬಂದೇ ಇರಲಿಲ್ಲ. ಬಾರದೆಯೇ ಅದು ಮೂರು ಊರುಗಳ ಭತ್ತದ ರಸ ಹೀರಿ ಮುಗಿಸಿತ್ತು.

ಕೀಟತಜ್ಞೆ ಮಾತ್ರ ಕ್ರಮವಾಗಿ ಅರ್ಜಿ ಹಿಡಿದು ಬಂದಳು. ಅವಳ ಗಾಜಿನ ಜಾಡಿಯಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಎರಡು ಸಾವಿರ ಕಣಜದ ಹುಳುಗಳಿದ್ದವು. ಅವು ಜಿಗಿಹುಳುವಿನ ಮೊಟ್ಟೆಯೊಳಗೇ ತಮ್ಮ ಮೊಟ್ಟೆ ಇಡುತ್ತವೆ. ಆಮೇಲೆ ಆ ಮೊಟ್ಟೆಯಿಂದ ಜಿಗಿಹುಳು ಹುಟ್ಟುವುದಿಲ್ಲ, ಕಣಜ ಹುಟ್ಟುತ್ತದೆ. ಅವುಗಳ ಆಯಸ್ಸು ನಾಲ್ಕೇ ದಿನ.

"ಅರ್ಜಿದಾರರ ಸಹಿ ಎಲ್ಲಿ?" ಗುಮಾಸ್ತ ಕೇಳಿದ.

"ನಾನೇ ಮಾಡಿದೀನಲ್ಲ ಸರ್."

"ನೀವು ಕಣಜ ಅಲ್ವಲ್ಲ ಮೇಡಂ."

ಕಣಜಗಳ ಅಧಿಕೃತ ಪ್ರತಿನಿಧಿಯಾಗಲು ಅವಳಿಗೆ ಒಂದು ದಿನ ಹಿಡಿಯಿತು. ಮರುದಿನ ಮೇಲ್ವಿಚಾರಕರು ಆಕ್ಷೇಪವೆತ್ತಿದರು.

"ಇನ್ನೊಬ್ಬರ ಮೊಟ್ಟೆಯಲ್ಲಿ ಮೊಟ್ಟೆ ಇಡೋದು ಅತಿಕ್ರಮಣ. ಮಾಲೀಕರ ಒಪ್ಪಿಗೆ ಪತ್ರ ತನ್ನಿ."

"ಮಾಲೀಕರು ಜಿಗಿಹುಳು, ಸರ್."

"ಅಂಥವರು ಯಾರೂ ನಮ್ಮ ದಾಖಲೆಯಲ್ಲಿಲ್ಲ."

"ಹಾಗಾದ್ರೆ ಒಪ್ಪಿಗೆ ಯಾರ ಹತ್ರ ತಗೊಳ್ಳಲಿ?"

"ಅದನ್ನೇ ಮೇಲಿನ ಕಚೇರಿಗೆ ಕೇಳಿ ಬರೀತೀವಿ."

ಅಷ್ಟರಲ್ಲಿ ಊರಿನಿಂದ ಕೀಟತಜ್ಞೆಯ ಅಕ್ಕನ ಫೋನು ಬಂತು. "ಗದ್ದೆ ಬೆಂಕಿ ಬಿದ್ದ ಹಾಗೆ ಒಣಗ್ತಿದೆ ಕಣೇ. ನಿನ್ನ ಕಣಜ ಎಲ್ಲೀವರೆಗೆ ಬಂದ್ವು?"

"ಎರಡನೇ ಮೇಜಿನವರೆಗೆ, ಅಕ್ಕಾ."

ಕಣಜಗಳ ಹೊಟ್ಟೆಗೆಂದು ಹತ್ತಿಯನ್ನು ಜೇನಿನಲ್ಲಿ ಅದ್ದಿ ಜಾಡಿಯೊಳಗೆ ಇಳಿಬಿಟ್ಟಳು. ಆದರೂ ಐದನೆಯ ದಿನ ತಳದಲ್ಲಿ ಉಳಿದದ್ದು ಚಿಟಿಕೆ ಕಪ್ಪು ಪುಡಿ. ಅವಳು ಜಾಡಿಯನ್ನು ಮಡಿಲಲ್ಲಿಟ್ಟುಕೊಂಡು ಕಚೇರಿಯ ಬೆಂಚಿನ ಮೇಲೆ ಅನುಮತಿಗೆ ಕಾಯುತ್ತಾ ಕೂತಳು.

ಒಂಬತ್ತನೆಯ ದಿನ ಮೇಲಿನ ಕಚೇರಿಯಿಂದ ಅನುಮತಿ ಸಿಕ್ಕಿತು. ಅಲ್ಲಿನ ನಿರ್ದೇಶಕರು ಅಕ್ಕನ ಗದ್ದೆಗೇ ಬಂದು ಜಾಡಿಯ ಮುಚ್ಚಳ ತೆಗೆದರು. ಏನೂ ಹಾರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಎಂಥಾ ಶಿಸ್ತು ನೋಡಿ!" ಎಂದರು ನಿರ್ದೇಶಕರು.

"ಸತ್ತಿವೆ ಸರ್," ಎಂದಳು ಕೀಟತಜ್ಞೆ.

"ಅದನ್ನ ಷರಾ ಕಾಲಮ್ಮಿನಲ್ಲಿ ಬರೀರಿ."

ವಾರದ ನಂತರ ಸಮೀಕ್ಷೆ ನಡೆಯಿತು.

"ಗದ್ದೆಯಲ್ಲಿ ಹುಳ ಇದೆಯೇನಮ್ಮಾ?" ಗುಮಾಸ್ತ ಕೇಳಿದ.

"ಇಲ್ಲ ಸ್ವಾಮಿ," ಎಂದಳು ಅಕ್ಕ. "ಪೈರೂ ಇಲ್ಲ. ತಿನ್ನೋಕೆ ಏನೂ ಉಳೀದೆ ಪಕ್ಕದೂರಿಗೆ ಹೋದ್ವು."

"ಮೊದಲನೇ ಮಾತಷ್ಟೇ ಬರ್ಕೊಳ್ಳಿ," ಎಂದರು ಮೇಲ್ವಿಚಾರಕರು.

ಯೋಜನೆ ನೂರಕ್ಕೆ ನೂರು ಯಶಸ್ವಿಯಾಯಿತು. ಪಕ್ಕದೂರಿಗೂ ಅವೇ ಕಣಜಗಳನ್ನು ಒದಗಿಸಬೇಕೆಂದು ಆದೇಶ ಹೊರಟಿತು. ಕೀಟತಜ್ಞೆ ಒಂದೇ ಪ್ರಶ್ನೆ ಕೇಳಿದಳು. "ಈ ಸಲ ಜೀವ ಇರೋವು ಕಳಿಸಲಾ ಸರ್?"

"ಬೇಡಮ್ಮ," ಎಂದರು ಮೇಲ್ವಿಚಾರಕರು, ಮಗಳಿಗೆ ಬುದ್ಧಿ ಹೇಳುವ ದನಿಯಲ್ಲಿ. "ಜೀವ ಇದ್ರೆ ಅದು ಬೇರೆ ತಳಿ. ಮತ್ತೆ ಹೊಸ ಅರ್ಜಿ ಹಾಕ್ಬೇಕಾಗುತ್ತೆ."

ಅವಳಿಗೂ ಅದು ಸರಿಯೆನಿಸಿತು. ಕಪ್ಪು ಪುಡಿಯನ್ನು ಕುಂಚದಿಂದ ಗುಡಿಸಿ ಪೊಟ್ಟಣ ಕಟ್ಟತೊಡಗಿದಳು. ಪಕ್ಕದೂರಿನವರು ಬೇಗ ಕಳಿಸಿ ಎಂದು ಎರಡು ಸಲ ಫೋನು ಮಾಡಿದ್ದರು.