ಮಾವನ ಕಾರಿಗೆ ಯಾವ ಆಯಿಲ್?

ಕೆಲವು ವಿಷಯಗಳಲ್ಲಿ ಮನುಷ್ಯನಿಗೆ ಅಭಿಪ್ರಾಯವೇ ಇರಬಾರದು ಎಂದು ಈಚೆಗೆ ನನಗೆ ಅನ್ನಿಸತೊಡಗಿದೆ. ಅಭಿಪ್ರಾಯವಿಲ್ಲದವನಿಗೆ ಊಟ ರುಚಿಸುತ್ತದೆ, ನಿದ್ದೆ ಬರುತ್ತದೆ, ಹೆಂಡತಿಯ ತವರಿನವರು ಅವನನ್ನು ‘ಸಾಧು’ ಎನ್ನುತ್ತಾರೆ. ಮದುವೆಯಾಗಿ ದಾವಣಗೆರೆಯಿಂದ ಕೊಯಮತ್ತೂರಿಗೆ ಬಂದ ಹೊಸದರಲ್ಲಿ ನಾನೂ ಸಾಧುವಾಗಿಯೇ ಇದ್ದೆ. ಕಾರಿನ ಎಂಜಿನ್ನಿಗೆ ಯಾವ ಆಯಿಲ್ ಹಾಕಬೇಕು ಎಂಬ ಬಗ್ಗೆ ಬಾಯಿ ಬಿಟ್ಟೆ ನೋಡಿ, ಅಂದಿನಿಂದ ಆ ಸುಖವೆಲ್ಲ ಹೋಯಿತು. ಸಾಕಾಗಿದೆ, ಅದಕ್ಕೇ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ.

ಪಂಪು, ಮೋಟಾರು, ಗ್ರೈಂಡರು ಮಾಡುವ ಈ ಊರಿನಲ್ಲಿ ಯಂತ್ರದ ಬಗ್ಗೆ ಏನೂ ತಿಳಿಯದವನು ನಾನೊಬ್ಬನೇ ಇರಬೇಕು. ಕುರಿಚಿಯ ಪಂಪಿನ ಕಾರ್ಖಾನೆಯಲ್ಲಿ ನನಗೆ ಕೆಲಸವೇನೋ ಇದೆ, ಆದರೆ ನಾನು ಕೂರುವುದು ಸಂಬಳದ ಲೆಕ್ಕ ಬರೆಯುವ ಕೋಣೆಯಲ್ಲಿ. ಯಾರನ್ನಾದರೂ ಆಯಿಲ್ ವಿಚಾರ ಕೇಳಿದರೆ ಸಾಕು, ಕೈಯಲ್ಲಿದ್ದ ಟೀ ಆರಿಹೋಗುವವರೆಗೆ ವಿವರಿಸುತ್ತಾರೆ. ಪಕ್ಕದಲ್ಲಿದ್ದವರು ಅದನ್ನು ಅಲ್ಲಗಳೆಯುತ್ತಾರೆ. ಅದೂ ಹೇಗೆ? ಈ ಊರಿನವರು ಪ್ರತಿ ಮಾತಿನ ಕೊನೆಗೂ ಮರ್ಯಾದೆಯ ಒಂದು ‘ಙ್ಗ’ ಸೇರಿಸುತ್ತಾರೆ. ‘ನೀವು ಹೇಳೋದು ಶುದ್ಧ ತಪ್ಪು’ ಎಂಬುದನ್ನೂ ಎಷ್ಟು ಗೌರವದಿಂದ ಹೇಳುತ್ತಾರೆಂದರೆ ಸಿಟ್ಟು ಮಾಡಿಕೊಳ್ಳಲೂ ಎಡೆಯಿರುವುದಿಲ್ಲ. ಸಿಟ್ಟು ಮಾಡಿಕೊಳ್ಳಲಾಗದ ಊರಿನಲ್ಲಿ ಬದುಕುವುದು ಎಂಥ ಆಯಾಸ ಎಂದು ಅನುಭವಿಸಿದವರಿಗೇ ಗೊತ್ತು.

ಕಾರು ಮೂಲತಃ ನನ್ನ ಮಾವನವರದು. ಅವರ ಮನೆತನ ತಲೆಮಾರುಗಳಿಂದ ಇಲ್ಲಿಯೇ ನೆಲೆ ನಿಂತಿದೆ. ಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ತಮಿಳು. ಫೌಂಡ್ರಿಯಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಕಣ್ಣಿಗೆ ಪೊರೆ ಬಂದ ಮೇಲೆ ಒಂದು ದಿನ ನನ್ನನ್ನು ಕರೆದು, “ಇನ್ನು ಈ ವಂಡಿ ನಿಮ್ಮದೇ ಮಾಪ್ಳೆ” ಎಂದರು. ಅಳಿಯನನ್ನು ಅವರು ಮಾಪ್ಳೆ ಎಂದೇ ಕರೆಯುವುದು. ಕೀ ಕೊಟ್ಟರು, ಬಾನೆಟ್ ಮಾತ್ರ ಕೊಡಲಿಲ್ಲ. ದಿನಾ ಬೆಳಿಗ್ಗೆ ಅದನ್ನೆತ್ತಿ, ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ತುದಿಯ ಆಯಿಲನ್ನು ಎರಡು ಬೆರಳ ನಡುವೆ ಉಜ್ಜಿ, ಮೂಸಿ ನೋಡಿ, ಆಮೇಲೆಯೇ ಅವರ ಕಾಫಿ.

“ವಯಸ್ಸಾದ ವಂಡಿ ಮಾಪ್ಳೆ, ಗಟ್ಟಿ ಆಯಿಲೇ ಹಾಕ್ಬೇಕು. ವಯಸ್ಸಾದೋರಿಗೆ ಗಟ್ಟಿ ಸಾಪಾಡು ಬೇಕಲ್ಲ?”

“ವಯಸ್ಸಾದವರಿಗೆ ಗಂಜಿಯೇ ಒಳ್ಳೆಯದಲ್ವಾ ಮಾವ? ತೆಳು ಆಯಿಲ್ ಹಾಕೋಣ, ಸಿಂಥೆಟಿಕ್ಕು” ಎಂದೆ. ಹಾಗೆಂದವನು ನಾನೇ, ಇನ್ನಾರನ್ನು ದೂರಲಿ?

ಅಂದಿನಿಂದ ಊಟದ ಹೊತ್ತಿಗೆಲ್ಲ ಇದೇ ಮಾತು. ನನ್ನ ಹೆಂಡತಿ ಸುಧಾ, “ಕಾರಿನ ಜೊತೆ ಬಂದ ಪುಸ್ತಕ ನೋಡಿ ರೀ” ಎಂದಳು. ನೋಡಿದೆವು. ಹವೆಗೆ ತಕ್ಕಂತೆ ಎರಡೂ ಆಗುತ್ತದೆ ಎಂದು ಬರೆದಿದ್ದರು. ಎರಡೂ ಆಗುತ್ತದೆ ಎನ್ನುವ ಪುಸ್ತಕ ಮನೆಯಲ್ಲಿ ಯಾರಿಗೆ ಉಪಯೋಗ ಹೇಳಿ. ಮಾವ, “ಬರೆದೋನು ನಮ್ಮೂರ ಸುಡೋ ವೆಯಿಲು ನೋಡಿದ್ನಾ?” ಎಂದು ಕೇಳಿ ಮಜ್ಜಿಗೆ ಕಲಸಿಕೊಂಡರು.

ನಿಜ ಹೇಳಬೇಕೆಂದರೆ, ಈ ಮನೆಯಲ್ಲಿ ಒಂದಾದರೂ ವಿಷಯ ನನ್ನ ಮಾತಿನಂತೆ ನಡೆಯಬೇಕು ಎಂಬ ಆಸೆ ನನಗೆ. ಯಾವ ಸಾರು, ಯಾವ ಡಾಕ್ಟರು, ಯಾವ ಚಾನೆಲ್ಲು ಎಲ್ಲವೂ ನಾನು ಬರುವ ಮೊದಲೇ ತೀರ್ಮಾನವಾಗಿದ್ದವು. ಉಳಿದಿದ್ದದ್ದು ಈ ಆಯಿಲ್ ಒಂದೇ.

ಅಷ್ಟರಲ್ಲಿ ನಾದಿನಿಯ ಸೀಮಂತ ಬಂತು, ಪೊಳ್ಳಾಚಿಯಲ್ಲಿ. ಎಲ್ಲರೂ ಕಾರಿನಲ್ಲಿ ಹೋಗುವುದೆಂದಾಯಿತು. ಹಿಂದಿನ ದಿನ ಬೆಳಿಗ್ಗೆ ಮಾವ ಕಡ್ಡಿ ಎಳೆದು, “ಕಮ್ಮಿ ಇದೆ” ಎಂದರು. ಯಾವುದನ್ನು ಹಾಕಬೇಕೆಂದು ಮಾತ್ರ ಹೇಳಲಿಲ್ಲ. ನಾನು ಕಚೇರಿಗೆ ಹೊರಟಾಗ ಅವರು ಗೇಟಿನ ಹತ್ತಿರ ನಿಂತು, “ಈಗ ನನ್ನ ಮಾತು ಯಾರು ಕೇಳ್ತಾರೆ ಬಿಡಿ” ಎಂದು ಪಕ್ಕದ ಮನೆಯವರಿಗೆ ತಮಿಳಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು. ಪಾಪ ಎನ್ನಿಸಿತು. ಸಂಜೆ ಗಾಂಧಿಪುರಂನಲ್ಲಿ ಇಳಿದು ಅವರು ಹೇಳುತ್ತಿದ್ದ ಗಟ್ಟಿ ಆಯಿಲಿನ ಡಬ್ಬಿಯನ್ನೇ ಕೊಂಡೆ. ಅವರು ವಾಕಿಂಗ್ ಹೋಗಿದ್ದಾಗ ಬಾನೆಟ್ ಎತ್ತಿ ಪೂರ್ತಿ ಸುರಿದೆ. ಕಡ್ಡಿ ಎಳೆದು ನೋಡುವ ಗೋಜಿಗೆ ಹೋಗಲಿಲ್ಲ. ಕಮ್ಮಿ ಇದೆ ಎಂದು ಮಾವನೇ ಹೇಳಿದ್ದರಲ್ಲ!

ಮಾರನೆಯ ದಿನ ಹೊರಡುವ ಗಡಿಬಿಡಿಯಲ್ಲಿ ಮಾವ ಬಾನೆಟ್ ಎತ್ತಲೇ ಇಲ್ಲ. ಕಿಣತ್ತುಕಡವು ದಾಟುವಷ್ಟರಲ್ಲಿ ಕಾರಿನ ಹಿಂದೆ ನೀಲಿ ಹೊಗೆ. ಬೈಕಿನಲ್ಲಿ ಬಂದವರೊಬ್ಬರು ಪಕ್ಕಕ್ಕೆ ಬಂದು, ಹೊಗೆ ಬರುತ್ತಿದೆ ಎಂದು ‘ಙ್ಗ’ ಸೇರಿಸಿಯೇ ತಿಳಿಸಿ ಹೋದರು. ಹತ್ತಿರದ ವರ್ಕ್‌ಶಾಪಿಗೆ ತಳ್ಳಿಸಿದೆವು. ಮೆಕ್ಯಾನಿಕ್ ಕಡ್ಡಿ ಎಳೆದು ನೋಡಿ, ಇಷ್ಟೊಂದು ಆಯಿಲ್ ಸುರಿದವರು ಯಾರು ಎಂದು ಕೇಳಿದರು.

“ನಾನು” ಎಂದೆ. “ನಾನು” ಎಂದರು ಮಾವ. ಇಬ್ಬರೂ ಒಟ್ಟಿಗೇ.

ಮಾವನವರ ಮುಖ ಸಣ್ಣದಾಯಿತು. “ಮಾಪ್ಳೆ ಪಾವಂ, ಎಷ್ಟು ದಿನದಿಂದ ಕೇಳ್ತಿದಾರೆ, ಅವರ ಆಸೆಯೇ ಆಗಲಿ ಅಂತ ನಿನ್ನೆ ಮಧ್ಯಾಹ್ನ ತೆಳು ಆಯಿಲ್ ತಂದು ಹಾಕಿದೆ” ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಣ್ಣಂತೂ ಒದ್ದೆಯಾಯಿತು, ಹೊಗೆಯಿಂದ ಎಂದುಕೊಂಡೆ.

ಸೀಮಂತದ ಹೂವಿನ ಬುಟ್ಟಿ ಹಿಡಿದು ಹಿಂದಿನ ಸೀಟಿನಲ್ಲಿದ್ದ ಸುಧಾ, “ಅಪ್ಪ ಹಾಕಿದ್ದೂ ನೋಡ್ದೆ, ನೀವು ಹಾಕಿದ್ದೂ ನೋಡ್ದೆ. ಇಬ್ಬರದ್ದೂ ಒಳಗೆ ಹೋಯ್ತಲ್ಲ, ಇನ್ನು ಜಗಳ ಇರಲ್ಲ ಅಂತ ಸುಮ್ನಿದ್ದೆ” ಎಂದಳು.

ಮೆಕ್ಯಾನಿಕ್ ಇದ್ದಬದ್ದ ಆಯಿಲನ್ನೆಲ್ಲ ಕೆಳಗಿನ ತಟ್ಟೆಗೆ ಇಳಿಸಿ, ಈಗ ಯಾವುದನ್ನು ಹಾಕಲಿ ಎಂದು ನಮ್ಮ ಮುಖ ನೋಡಿದರು. ಮಾವ ಒಂದು ಹೆಜ್ಜೆ ಹಿಂದೆ ಸರಿದು ನನ್ನ ಹೆಗಲ ಮೇಲೆ ಕೈಯಿಟ್ಟರು. “ವಂಡಿ ನಿಮ್ಮದು ಮಾಪ್ಳೆ. ನೀವೇ ಸೊಲ್ಲಿ. ನೀವು ಹೇಳಿದ್ದೇ ಆಗಲಿ.”

ಇಷ್ಟು ವರ್ಷ ಕಾದ ಮಾತು ಅದು. ನಾನು ಎದೆಯುಬ್ಬಿಸಿ ಬಾಯಿ ತೆರೆದೆ. ಆಗಲೇ ಗೊತ್ತಾದದ್ದು, ಎಂಜಿನ್ ಆಯಿಲ್ ಬಗ್ಗೆ ನನಗೆ ಏನೇನೂ ಗೊತ್ತಿಲ್ಲ. ಮಾವ ಗಟ್ಟಿ ಎಂದಿದ್ದರಿಂದ ನಾನು ತೆಳು ಎಂದಿದ್ದೆ, ಅಷ್ಟೇ. ಮೆಕ್ಯಾನಿಕ್ ಕಾಯುತ್ತಿದ್ದರು, ಪೊಳ್ಳಾಚಿಯಲ್ಲಿ ಆರತಿಗೆ ಹೊತ್ತಾಗುತ್ತಿತ್ತು.

“ಮಾವ, ಮೊದಲು ನೀವೊಂದು ಹೇಳಿಬಿಡಿ” ಎಂದೆ.